ಹುಳುಗಳ ಪಾಲಿನ ಮಾತ್ರೆ

ಆ ವರ್ಷ ಟೈಫಾಯ್ಡ್ ಎಲ್ಲಿಂದ ಬಂತೆಂದು ಶಿಡ್ಲಘಟ್ಟದಲ್ಲಿ ಕೇಳಿದರೆ ಚಿಂತಾಮಣಿ ಎನ್ನುತ್ತಿದ್ದರು, ಚಿಂತಾಮಣಿಯಲ್ಲಿ ಕೇಳಿದರೆ ಶಿಡ್ಲಘಟ್ಟ ಎನ್ನುತ್ತಿದ್ದರು. ತೊಂಬತ್ತರ ದಶಕದ ಆರಂಭ, ಇಸವಿ ಖಚಿತವಿಲ್ಲ. ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಅಕ್ಕನಿಗೆ ಜ್ವರ ಬಂದಾಗ ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದಳು.

ಆ ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಒಳಗಿನ ದೊಡ್ಡ ಕೋಣೆ. ಹುಳುಗಳ ಮೇಲೆ ಕಾಯಿಲೆಯವರ ನೆರಳೂ ಬೀಳಬಾರದೆಂದು ಅಕ್ಕನ ಚಾಪೆಯನ್ನು ಕೊಟ್ಟಿಗೆಯ ಪಕ್ಕದ ಜಗುಲಿಗೆ ಸರಿಸಿದ್ದರು. ಡಾಕ್ಟರು ಕ್ಯಾಪ್ಸೂಲು ಬರೆದು, ಜ್ವರ ಬಿಟ್ಟರೂ ನಿಲ್ಲಿಸಬೇಡಿ ಎಂದಿದ್ದರು. ನಾನು ತರಲು ಹೋದಾಗ ಮೆಡಿಕಲ್ ಶಾಪಿನವನು ಚೀಟಿ ನೋಡದೆಯೇ ಕೇಳಿದ: "ಮನುಷ್ಯರಿಗೇನಮ್ಮ, ಹುಳಕ್ಕಾ?"

ಎರಡಕ್ಕೂ ಅದೇ ಮಾತ್ರೆ. ಹುಳುಗಳಿಗೆ ಸಪ್ಪೆ ರೋಗ ಬಂದು ಮೆತ್ತಗಾಗಿ ಸಾಯತೊಡಗಿದರೆ, ಸುತ್ತಲಿನವರು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ನೀರಿಗೆ ಕಲಸಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಮುಕಿಸುತ್ತಿದ್ದರು. ಹುಳು ತಿಂದು ಬಿಟ್ಟ ಸೊಪ್ಪು, ಹಿಕ್ಕೆ ಎಲ್ಲ ಬಾವಿಯ ಪಕ್ಕದ ತಿಪ್ಪೆಗೆ.

ಅಕ್ಕ ಎದ್ದು ಕೂತು ಗಂಜಿ ಕುಡಿದ ದಿನವೇ ಹುಳು ಸಾಕುವ ತಟ್ಟೆಗಳಲ್ಲಿ ಸಪ್ಪೆ ರೋಗ ಕಾಣಿಸಿತು. ಅವಳ ಅತ್ತೆ ಬಂದು ಹಣೆ ಮುಟ್ಟಿ ನೋಡಿದರು.

"ತಣ್ಣಗೈತೆ. ಉಳಿದಿರೋ ಮಾತ್ರೆ ಇತ್ತ ಕೊಡು."

"ಡಾಕ್ಟ್ರು ಪೂರ್ತಿ ನುಂಗಬೇಕು ಅಂದವ್ರೆ ಅತ್ತೆ."

"ನುಂಗಿ ನೀನೇನು ಗೂಡು ಕಟ್ತೀಯೇನಮ್ಮ?"

ಅಕ್ಕ ನಕ್ಕುಬಿಟ್ಟಳು. ದಿಂಬಿನ ಕೆಳಗಿನಿಂದ ಮಾತ್ರೆಗಳನ್ನು ಅತ್ತೆ ತೆಗೆದುಕೊಂಡರೋ, ಅವಳೇ ತೆಗೆದು ಕೊಟ್ಟಳೋ? ನನ್ನ ಕಣ್ಣಿಗೆ ಕಟ್ಟಿರುವುದು ಅತ್ತೆಯ ಕೈ. ಭಾವ ಮಾತ್ರ ಅಕ್ಕನೇ ಕೊಟ್ಟಳೆಂದು ಇವತ್ತಿಗೂ ಹೇಳುತ್ತಾರೆ. ಜ್ವರ ಇಳಿದಿತ್ತೆಂಬುದಕ್ಕಾದರೂ ಏನು ಆಧಾರ? ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಹೊತ್ತುಹೊತ್ತಿಗೂ ತಣ್ಣೀರಿನಲ್ಲಿ ಸೊಪ್ಪು ತೊಳೆದ ಅಂಗೈ ಅದು. ಅದಕ್ಕೆ ಯಾವುದು ತಣ್ಣಗೆ, ಯಾವುದು ಬಿಸಿ?

ಹುಳುಗಳು ಚೇತರಿಸಿಕೊಂಡವು. ಅಕ್ಕನಿಗೆ ಮತ್ತೆ ಜ್ವರ ಏರಿತು. ಚಿಂತಾಮಣಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು, ಅದು ಈಗಿಲ್ಲ. ಸುದ್ದಿ ತಿಳಿದು ಅಮ್ಮನೂ ಅಲ್ಲಿಗೆ ಬಂದಳು. ಒಂದೊಂದು ಮಂಚದಲ್ಲಿ ಇಬ್ಬರು, ನೆಲದ ಮೇಲೆ ಮಿಕ್ಕವರು, ಎಲ್ಲರಿಗೂ ಮತ್ತದೇ ಮಾತ್ರೆ. ಯಾರ ಜ್ವರವೂ ಇಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮಾತ್ರ ಸಿಗುವ ಹೊಸ ಔಷಧಿಯೊಂದರ ಹೆಸರನ್ನು ಡಾಕ್ಟರು ಭಾವನಿಗೆ ಬರೆದುಕೊಟ್ಟು, ಇವತ್ತೇ ಹೊರಡಿ ಎಂದರು.

ಮನೆಗೆ ಹೋಗಿ ಬಟ್ಟೆ ಬದಲಿಸಿ ಹೊರಡುತ್ತೇನೆಂದು ಭಾವ ಊರಿಗೆ ಹೋದರು. ಅಂದೇ ಹುಳುಗಳು ಹಣ್ಣಾಗಿದ್ದವು. ಹಾಗೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಉಗುಳಿ ಬೆಳೆಯೇ ಹೋಗುತ್ತದೆ. ಕೂಲಿಯವರೂ ಜ್ವರದಲ್ಲಿ ಮಲಗಿದ್ದರು. "ಹುಳ ಕಾಯಲ್ಲ ಕಣೋ, ಅವಳು ಒಂದು ದಿನ ಕಾಯ್ತಾಳೆ" ಎಂದು ಅವರ ತಾಯಿ ತಡೆದರಂತೆ. ಭಾವ ಬೆಂಗಳೂರಿಗೆ ಹೋದದ್ದು ಮರುದಿನ. ಔಷಧಿ ಬಂದಾಗ ಅಕ್ಕನ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕರುಳು ತೂತಾಗಿದೆ ಎಂದರು. ಬೆಂಗಳೂರಿಗೆ ಸಾಗಿಸಲು ವ್ಯಾನು ಹುಡುಕುತ್ತಿರುವಾಗಲೇ ಅವಳು ಹೋದಳು.

ಅಳು ಇನ್ನೂ ನಿಂತಿರಲಿಲ್ಲ. ಊರಿನಿಂದ ಬಂದಿದ್ದ ಅಕ್ಕನ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನೇರ ಡಾಕ್ಟರ ಎದುರು ನಿಂತರು.

"ಡಾಕ್ಟ್ರೇ, ಮೊದ್ಲು ಕೊಟ್ಟ ಮಾತ್ರೆ ಪೂರ್ತಿ ನುಂಗಿದ್ರೆ ಉಳ್ಕೊಂತಿದ್ಲಾ?"

ಡಾಕ್ಟರು ತಲೆಯಾಡಿಸಿದರು. "ಇಲ್ಲಮ್ಮ. ಈ ಸಲದ ಜ್ವರಕ್ಕೆ ಆ ಮಾತ್ರೆ ನಾಟ್ತಾನೇ ಇಲ್ಲ. ನೋಡ್ತಿದೀರಲ್ಲ ವಾರ್ಡು."

"ನಾಟಲ್ಲ ಅಂದ್ಮೇಲೆ ಎಲ್ರಿಗೂ ಅದನ್ನೇ ಯಾಕೆ ಕೊಡ್ತಿದೀರ ಸಾರ್?" ಭಾವ ಮುಂದೆ ಬಂದು ಕೇಳಿದರು.

"ಇನ್ನೇನಪ್ಪ ಇದೆ ನನ್ನ ಹತ್ರ?"

ಅತ್ತೆ ನನ್ನ ಅಮ್ಮನ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ಡಾಕ್ಟ್ರ ಬಾಯಲ್ಲೇ ಬಂತು. ನಾಳೆ ನಿಮ್ಮ ಕಡೆಯೋರು ಯಾರೂ ನನ್ನ ಕಡೆ ಬೆರಳು ತೋರಿಸ್ಬಾರ್ದು."

ಅಮ್ಮ ನನ್ನ ರಟ್ಟೆ ಹಿಡಿದಳು. "ನೀನು ಓದಿದೋಳಲ್ವೇನೇ? ಹೇಳು. ಇವ್ರು ಹೇಳ್ತಿರೋದು ಸುಳ್ಳು ತಾನೇ?"

ಆ ಒಂದು ಮನೆಯ ಮಾತ್ರೆ ಅಕ್ಕನನ್ನು ಕೊಲ್ಲಲಿಲ್ಲ. ಎಷ್ಟೋ ಹುಳುಮನೆಗಳ ತಿಪ್ಪೆಯಿಂದ ಬಾವಿಗಿಳಿದ, ಎಷ್ಟೋ ವಾರ್ಡುಗಳಲ್ಲಿ ನುಂಗಿದ ಮಾತ್ರೆ ತಿಂದು ತಿಂದು ರೋಗಾಣುವೇ ಅದಕ್ಕೆ ಒಗ್ಗಿಹೋಗಿತ್ತು. ಇದನ್ನು ಅಲ್ಲಿ ನಿಂತಾಗಲೇ ಯೋಚಿಸಿದೆನೋ, ಆಮೇಲೆ ಓದಿದ್ದನ್ನು ಆ ಗಳಿಗೆಗೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಬಾಯಿಂದ ಬಂದದ್ದು ಮಾತ್ರ ನೆನಪಿದೆ.

"ಡಾಕ್ಟ್ರು ಹೇಳ್ತಿರೋದು ನಿಜ ಅಮ್ಮ."

ಅಮ್ಮ ರಟ್ಟೆ ಬಿಟ್ಟಳು.

"ನಿನ್ನ ಓದಿಗಷ್ಟು ಬೆಂಕಿ ಹಾಕ" ಎಂದು ಅಕ್ಕನ ತಲೆಯ ಹತ್ತಿರ ಹೋಗಿ ಕೂತಳು. ನಾನೂ ಕೂರಲು ಹೋದಾಗ ಜಾಗ ಬಿಡಲಿಲ್ಲ.