ಮೇಲಿನ ಹಲಗೆ ಮತ್ತು ಅನ್ನನಾಳ

ಮಾರಿಕುಪ್ಪಂ ರೈಲಿನಲ್ಲಿ ನನ್ನ ಮಲಗುವ ಜಾಗ ಕೈತಪ್ಪಿತೆಂದು ವಿಷಾದದಿಂದ ತಿಳಿಸುತ್ತೇನೆ. ಬಂಗಾರಪೇಟೆಯಲ್ಲಿ ಮುದ್ದೆ ನುಂಗಿ, ರೈಲು ಹತ್ತಿ, ಸಾಮಾನಿಡುವ ಮೇಲಿನ ಹಲಗೆಯಲ್ಲಿ ಮಲಗಿ ಕಾರ್ಖಾನೆಗೆ ಹೋಗುವುದು ನನ್ನ ಹತ್ತು ವರ್ಷದ ಪದ್ಧತಿ. ಎದೆಯುರಿಗೂ ಅಷ್ಟೇ ವಯಸ್ಸು.

ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು, "ಹೊಟ್ಟೆಯ ಆಮ್ಲ ಮೇಲೇರಿ ಅನ್ನನಾಳದ ಒಳಪದರವೇ ಬದಲಾಗಿದೆ. ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇನೆ. ತಿಂದ ಕೂಡಲೇ ಮಲಗಬೇಡಿ" ಎಂದರು.

ಮರುದಿನ ರೈಲಿನಲ್ಲಿ ನಿಂತಿದ್ದೆ. ಮೊಸರು ಮಾರುವ ಮುನಿಯಮ್ಮ, "ಯಾಕಣ್ಣ, ಮನಿಕೊಳ್ಳಲ್ವಾ?" ಎಂದಳು. ಎಲ್ಲ ಹೇಳಿದೆ.

"ರಿಪೋರ್ಟು ಒಳ್ಳೇದೇ ಬತ್ತದೆ ಬುಡಣ್ಣ" ಎನ್ನುತ್ತ ತನ್ನ ಬುಟ್ಟಿಯನ್ನು ಹಲಗೆಗೇರಿಸಿದಳು. "ಬಂದ್ಮೇಲೆ ಜಾಗ ಮಾತ್ರ ವಾಪಸ್ ಕೇಳ್ಬ್ಯಾಡ."

ಎರಡು ವಾರಕ್ಕೆ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ.