ಆಲೂಗಡ್ಡೆಯ ಬೀಗಿತ್ತಿ

ಆಲೂಗಡ್ಡೆ ತಳಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ‘ಬೀಗಿತ್ತಿ’ ಎಂದೇ ಕರೆಯುತ್ತಾರೆ. ರೋಗಕ್ಕೆ ಜಗ್ಗದ ಕಾಡು ಗಿಡಕ್ಕೂ ರುಚಿಯಾದ ಊರ ಗಿಡಕ್ಕೂ ಸಂಬಂಧ ಕೂಡಿಸುವುದೇ ಅವಳ ಕೆಲಸ. ಕುಂಚದ ತುದಿಯಲ್ಲಿ ಪರಾಗ ಹಿಡಿದು ಬಗ್ಗಿದಳೆಂದರೆ ಸೂರು ಕುಸಿದರೂ ತಲೆ ಎತ್ತುವವಳಲ್ಲ. “ಸ್ವಲ್ಪ ಹೊಂದ್ಕೊಂಡು ಹೋಗಮ್ಮ” ಎಂದು ಹೂವಿಗೇ ಬುದ್ಧಿ ಹೇಳುತ್ತಾಳೆ. ಹುಟ್ಟುವ ಗಡ್ಡೆಗಳೋ ಗೋಲಿಯಷ್ಟು, ಕಹಿಗೆ ಬೇವೇ ನಾಚಬೇಕು. ಕಹಿ ಅಳೆಯಲು ಕೇಂದ್ರದಲ್ಲಿ ಯಂತ್ರವಿದ್ದರೂ, ಬೇಯಿಸಿದ ಒಂದು ಚೂರನ್ನು ಮನೆಗೆ ಒಯ್ದು ಅತ್ತೆಯ ಕೈಗಿಡುತ್ತಾಳೆ. “ಥೂ! ಇದಿನ್ನೂ ಕಾಡುಬುದ್ಧಿ ಬಿಟ್ಟಿಲ್ಲ ಕಣೇ” ಎಂದು ಅತ್ತೆ ಉಗಿದರೆ ಬೀಗಿತ್ತಿಯ ಮುಖ ಅರಳುತ್ತದೆ. ಯಂತ್ರ ಬಿಟ್ಟು ಅತ್ತೆಯನ್ನು ನಂಬುತ್ತಾಳೆಂದು ಕೇಂದ್ರದ ಜೊತೆಯವರು ನಗುತ್ತಾರೆ, ಇದರ ಹಿಂದಿನ ಕಥೆ ಅವರಿಗೆ ಗೊತ್ತಿಲ್ಲ. ಅವಳ ಗಂಡ ತೀರಿಕೊಂಡಾಗ, ಮಗನನ್ನು ಕಳೆದುಕೊಂಡ ಆ ಅತ್ತೆ ಊಟ, ಮಾತು ಎರಡನ್ನೂ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಒಂದು ಸಂಜೆ ಸೊಸೆಯ ಕಾಟ ತಾಳಲಾರದೆ ಇಂಥದೇ ಒಂದು ಚೂರನ್ನು ಅಗಿದು, “ಥೂ, ಕಹಿ!” ಎಂದು ಎದ್ದು ಕೂತರು, ಮನೆಗೆ ಮಾತು ಮರಳಿದ್ದು ಆಗಲೇ. ಈ ಸಲದ ಚೂರನ್ನು ಮಾತ್ರ ಅತ್ತೆ ಸದ್ದಿಲ್ಲದೆ ನುಂಗಿದರು. “ಏನತ್ತೆ?” ಎಂದಳು ಬೀಗಿತ್ತಿ. “ಚೆನ್ನಾಗೇ ಇದೆ. ಹಾಗಾದ್ರೆ ಇನ್ಮೇಲೆ ತರೋದಿಲ್ವಾ?” ಆ ದನಿಯಲ್ಲಿ ಅಳುಕಿತ್ತು. ಬೀಗಿತ್ತಿ ಅತ್ತೆಯ ಪಕ್ಕದಲ್ಲೇ ಕೂತು, “ಎಲ್ಲಿ ಬಿಡ್ತೀನಿ ಅತ್ತೆ, ಕಹಿ ಗಡ್ಡೆ ಇನ್ನೂ ಮೂಟೆಗಟ್ಟಲೆ ಬಿದ್ದಿದೆ” ಎಂದಳು.