ಕೇಳದೆ ಉಂಡ ರೊಟ್ಟಿ

ನಮ್ಮ ಮನೆಯವರಷ್ಟು ನುಣ್ಣಗೆ ಧರ್ಮದ ಮಾತಾಡುವವರು ಇಳಕಲ್ಲಿನಲ್ಲಿ ಮತ್ತೊಬ್ಬರಿರಲಿಲ್ಲ. ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ಮಗ್ಗದ ಮುಂದೆ ಕೂತರೂ ಕಲ್ಯಾಣದ ಅಣ್ಣನ ಮಾತು, ಉಣ್ಣಲು ಕೂತರೂ ಅಣ್ಣನ ಮಾತು. ಕಾಯಕ ಮಾಡಬೇಕು, ಹಂಚಿ ಉಣ್ಣಬೇಕು, ಮೇಲು ಕೀಳು ಅನ್ನಬಾರದು. ಕೇಳಿದವರು ಕೈಮುಗಿದು ಹೋಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಮನೆಯ ಮಗ್ಗಗಳ ಲಾಳಿಗೆ ಹಾಕುವ ಕಂಡಿಕೆಗಳಿಗೆಲ್ಲ ನೂಲು ಸುತ್ತಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು, ಉಳಿದದ್ದನ್ನು ನನಗಿಷ್ಟು ಕೊಟ್ಟು ತಾನಿಷ್ಟು ತಿನ್ನುತ್ತಿದ್ದಳು. ಮುತ್ಯಾನ ಬಾಯಲ್ಲಿ ಇದಕ್ಕೂ ಕಾಯಕ ಎಂದೇ ಹೆಸರು.

ಪ್ಲೇಗು ಬಂತು. ಇಲಿ ಸತ್ತು ಬೀಳತೊಡಗಿದ್ದೇ ತಡ, ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಹುನಗುಂದದ ಸಂತೆ ನಿಂತಿತು, ಅಮೀನಗಡದ ಕಡೆಯ ಬಂಡಿಗಳು ನಿಂತವು, ನಮ್ಮ ಜೋಳದ ಚೀಲ ಬರಿದಾಯಿತು. ಆಗ ನಮ್ಮ ನಡುವೆ ಒಬ್ಬ ಸಿಖ್ಖ ಮಿಸ್ತ್ರಿ ಸಿಕ್ಕಿಬಿದ್ದಿದ್ದ. ಬಾಗಲಕೋಟೆಯ ರೈಲು ಕೆಲಸಕ್ಕೆ ಪಂಜಾಬಿನಿಂದ ಬಂದ ಬಡಿಗ. ಆ ಕೆಲಸ ಮುಗಿದ ಮೇಲೆ ಮಗ್ಗ ರಿಪೇರಿ ಮಾಡಿಕೊಂಡು ನಮ್ಮೂರಲ್ಲಿ ಉಳಿದಿದ್ದ. ದುಡಿದದ್ದರಲ್ಲಿ ಕೂಡಿಟ್ಟ ಜೋಳ, ಬೇಳೆ ಅವನ ಹತ್ತಿರ ಇತ್ತು. ಬೇವಿನ ಮರದ ಕೆಳಗೆ ಒಲೆ ಹೂಡಿ, ಉಣ್ಣಲು ಬರ್ರಿ ಎಂದು ಎಲ್ಲರನ್ನೂ ಕರೆದ.

ಅವನದೊಂದು ಕಟ್ಟಳೆ ಇತ್ತು. “ಎಲ್ಲಾರೂ ಒಂದ ಸಾಲಿನ್ಯಾಗ ಕೂಡಬೇಕು. ಬಾಜೂಕ ಯಾರು, ರೊಟ್ಟಿ ಮಾಡಿದವ್ರು ಯಾರು, ಕೇಳಬಾರದು. ನಮ್ಮ ಮೊದಲನೇ ಗುರು ಹಾಕಿದ ಪದ್ಧತಿ ಇದು,” ಎಂದ. ಮೊದಲ ದಿನ ನಮ್ಮವರು ಯಾರೂ ಹೋಗಲಿಲ್ಲ. ಹಸಿವು ಜಾಸ್ತಿಯಾದಾಗ ಒಬ್ಬೊಬ್ಬರೇ ಹೋಗಿ ಕೂತರು. ಮುತ್ಯಾನೂ ಕೂತ. ಬಡಿಯುವ ಕೈ ಸಾಲದೆ ಅವ್ವ ಒಲೆಯ ಮುಂದೆ ಕೂತಳು. ಅವಳ ಒಂದು ಮಗ್ಗುಲಿಗೆ ಮುಸಲ್ಮಾನ ನೇಕಾರನ ಹೆಂಡತಿ, ಇನ್ನೊಂದು ಮಗ್ಗುಲಿಗೆ ಊರಾಚೆಯ ಕೇರಿಯ ಮುದುಕಿ. ಮೂವರೂ ಒಂದೇ ಪರಾತದ ಹಿಟ್ಟು ನಾದಿದರು.

ನಾವು ಉಣ್ಣುವಾಗ ಮಿಸ್ತ್ರಿ ಗುರುವಿನ ಕಥೆ ಹೇಳುತ್ತಿದ್ದ. ವ್ಯಾಪಾರ ಮಾಡು ಎಂದು ಅಪ್ಪ ಕೊಟ್ಟ ದುಡ್ಡಿನಲ್ಲಿ ಹಸಿದ ಸಾಧುಗಳಿಗೆ ಉಣ್ಣಿಸಿ, ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದು ಎಂದು ಕೇಳಿ ಏಟು ತಿಂದ ಹುಡುಗ. ದೊಡ್ಡವನಾದ ಮೇಲೆ ಸಾಹುಕಾರನ ಹಬ್ಬದೂಟ ಬಿಟ್ಟು ಬಡವ ಬಡಿಗನ ಮನೆಯಲ್ಲಿ ಉಂಡನಂತೆ. ಸಾಹುಕಾರ ಸಿಟ್ಟಿಗೆದ್ದಾಗ ಒಂದು ಕೈಯಲ್ಲಿ ಅವನ ರೊಟ್ಟಿ, ಇನ್ನೊಂದರಲ್ಲಿ ಬಡಿಗನ ರೊಟ್ಟಿ ಹಿಡಿದು ಹಿಂಡಿದನಂತೆ. ಬಡಿಗನದರಿಂದ ಹಾಲು ಬಂತು, ಸಾಹುಕಾರನದರಿಂದ ರಕ್ತ. ಆ ಗುರು ನಮ್ಮ ಬೀದರಿಗೂ ಬಂದು ಕಲ್ಲಿನ ಗುಡ್ಡದಲ್ಲಿ ಸಿಹಿನೀರು ಹರಿಸಿದ್ದನಂತೆ. ಮಿಸ್ತ್ರಿಗೆ ಆ ನೀರು ಕುಡಿದು ಬರುವ ಆಸೆ.

“ನಮ್ಮ ಅಣ್ಣನೂ ಇದನ್ನ ಹೇಳ್ಯಾನ ತಗೋ,” ಎಂದು ಮುತ್ಯಾ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದ.

ಪ್ಲೇಗು ಇಳಿಯಿತು. ಮಿಸ್ತ್ರಿ ಬೀದರಿನ ದಾರಿ ಹಿಡಿದ. ನಾವು ಊರಿಗೆ ಮರಳುವ ಮೊದಲೇ ದೈವದ ಹಿರಿಯರು, ಅಂದರೆ ನಮ್ಮ ಜಾತಿಯ ಪಂಚರು, ಸಭೆ ಸೇರಿಸಿದರು. ಕಂಡವರ ಕೈಯ ರೊಟ್ಟಿ ಉಂಡವರನ್ನು ಏನು ಮಾಡುವುದು? ಉಣ್ಣದವರೇ ಇರಲಿಲ್ಲ. ತೀರ್ಪು ಹೇಳಬೇಕಾದವರೂ ಉಂಡಿದ್ದರು. ಆಗ ದಾರಿ ತೋರಿಸಿದವನು ನಮ್ಮ ಮುತ್ಯಾ.

“ಕೇಳದ ಉಂಡವರಿಗೆ ತಪ್ಪು ಹತ್ತೂದಿಲ್ಲ. ಯಾರು ಬಡದಾರಂತ ನಾವ್ಯಾರೂ ಕೇಳಿಲ್ಲ, ನಮಗೇನ ಗೊತ್ತು? ನಮ್ಮ ಪೈಕಿ ಗೊತ್ತಿದ್ದಾಕಿ ಒಬ್ಬಾಕಿನ. ಜೋಡಿ ಕುಂತು ಹಿಟ್ಟ ನಾದಿದಾಕಿ.”

ಎಲ್ಲರೂ ತಲೆಯಾಡಿಸಿದರು. ಎಷ್ಟು ಹಗುರಾಗಿಬಿಟ್ಟರು! ಯಾರೂ ಕೀಳಾಗಬಾರದೆಂದು ಆ ಗುರು ಹಾಕಿದ ಕಟ್ಟಳೆಯಿಂದಲೇ ಇವರು ಕೈ ತೊಳೆದುಕೊಂಡರು. ಇಂದಿಗೂ ಆ ತಲೆಗಳನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಕಥೆ ಹೇಳಿ ಹೊರಟುಹೋದ ಮಿಸ್ತ್ರಿಯ ಮೇಲೂ ಸಿಟ್ಟಿದೆ.

ಅವ್ವ ದೂರದಲ್ಲಿ ಸೆರಗು ಹೊದ್ದು ನಿಂತಿದ್ದಳು. “ಮಾವಾರ, ನೀವು ಹಸದಿದ್ರಿ ಅಂತ ಬಡದೇನ್ರಿ. ನನ್ನ ಹೊರಗ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಮಗಳನ್ನಷ್ಟ ನನ್ನ ಜೋಡಿ ಬಿಡ್ರಿ,” ಎಂದಳು.

“ಹುಡುಗಿ ಕೇಳದ ಉಂಡೈತಿ. ಅದು ಶುದ್ಧ ಐತಿ. ಮನ್ಯಾಗ ಇರ್ತೈತಿ,” ಎಂದ ಮುತ್ಯಾ.

ಎಲ್ಲರೂ ಊರಿಗೆ ಮರಳಿದರು. ಅವ್ವ ಮಾತ್ರ ಪ್ಲೇಗಿನ ಗುಡಿಸಲಲ್ಲೇ ಉಳಿದಳು. ನಾನು ಆ ಕಡೆ ಹೋಗುವಂತಿರಲಿಲ್ಲ. ಆದರೆ ಅವಳ ಕೆಲಸ ತಪ್ಪಲಿಲ್ಲ. ನೂಲಿಗೆ ಮೈಲಿಗೆ ಇಲ್ಲವೆಂದು ಇವರೇ ಹೇಳಿಕೊಂಡರು. ಅಪ್ಪನ ತಮ್ಮನ ಹೆಂಡತಿ ಚಿಗವ್ವ ಹೊಲದ ಬದುವಿನ ಮೇಲೆ ನೂಲು ಇಟ್ಟು ಬರುತ್ತಿದ್ದಳು, ಅವ್ವ ಅದನ್ನು ಕಂಡಿಕೆಗೆ ಸುತ್ತಿ ಅಲ್ಲೇ ಇಡುತ್ತಿದ್ದಳು. ನಾನು ಆ ಕಂಡಿಕೆಗಳನ್ನು ಮೂಗಿಗೆ ಹಿಡಿದು ಅವ್ವನ ವಾಸನೆ ಹುಡುಕುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಮುತ್ಯಾ ಹಾಸಿಗೆ ಹಿಡಿದ. ಹಲ್ಲು ಹೋಗಿದ್ದವು. ಚಿಗವ್ವನ ರೊಟ್ಟಿ ಬಿರುಸೆಂದು ತಾಟು ನೂಕತೊಡಗಿದ. ಬೇಸತ್ತ ಚಿಗವ್ವ ನೂಲಿನ ಜೊತೆ ಒಂದಿಷ್ಟು ಹಿಟ್ಟೂ ಇಟ್ಟು ಬಂದಳು. ಅಂದು ಅವ್ವ ತಾನೇ ರೊಟ್ಟಿ ಕಟ್ಟಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಗಂಟು ಬಿಚ್ಚಿ ರೊಟ್ಟಿಯನ್ನು ನನ್ನ ಕೈಗಿಟ್ಟು, “ಉಂಡ ಮ್ಯಾಲ ಕೇಳು. ನಿನ್ನ ಕಳಸ್ತಾರೇನು ಕೇಳು,” ಎಂದಳು.

ಮುತ್ಯಾ ಹಾಲಿನಲ್ಲಿ ಮುರಿದುಕೊಂಡು ಉಂಡ. ಕಣ್ಣು ಮುಚ್ಚಿ ಉಂಡ. “ಛಲೋ ಐತಿ,” ಎಂದ.

“ಯಾರು ಬಡದಾರ ಕೇಳು ಮುತ್ಯಾ,” ಎಂದೆ.

ಅವನು ಬಾಯಾಡಿಸುತ್ತಲೇ ಇದ್ದ.

“ಕೇಳು ಮುತ್ಯಾ!” ಎಂದು ಚೀರಿದೆ. ಒಮ್ಮೆ ಕೇಳಿದ್ದರೆ ಸಾಕಿತ್ತು, ಗೊತ್ತಿದ್ದವರ ಸಾಲಿಗೆ ಅವನೂ ಸೇರುತ್ತಿದ್ದ. ಉಂಡವನ ಬಾಯಿಂದಲೇ ನನ್ನನ್ನು ಬಿಡಿಸಿಕೊಳ್ಳುತ್ತಿದ್ದೆ.

ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು, ಚಿಗವ್ವನ ಕಡೆ ತಿರುಗಿದ. “ಹಿತ್ತಲ ಬಾಗಲಕ್ಕ ಸಗಣಿ ಹಾಕಿ ಸಾರಸು,” ಎಂದ.

ಬಾಗಿಲಾಚೆ ನಿಂತಿದ್ದ ಅವ್ವನಿಗೆ ಅದು ಕೇಳಿಸಿತು. ಖಾಲಿ ಬಟ್ಟೆ ಮಡಚಿಕೊಂಡು ಹೊರಟುಹೋದಳು.

ಮರುದಿನ ಮುತ್ಯಾ ಅದೇ ರೊಟ್ಟಿ ಬೇಕೆಂದ. ಬದುವಿನ ಮೇಲೆ ಹಿಟ್ಟು ಹೋಯಿತು, ರೊಟ್ಟಿ ಬಂತು. ಸಾಯುವತನಕ ಅದನ್ನೇ ಉಂಡ. ಯಾರು ಬಡಿದರೆಂದು ಒಂದು ದಿನವೂ ಕೇಳಲಿಲ್ಲ.